ಬೆಣ್ಣೆ ಅಂಚಿನ ಎಲೆ

“ಇದು ನನ್ನ ಗಿಡ ಅಲ್ಲ.”

ಸೊಣ್ಣಮ್ಮ ಸಿಗರೇಟು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಡಬ್ಬಿಯೇನೋ ಅವಳದೇ. ಮೊಳೆಯಿಂದ ಅದರ ತಳಕ್ಕೆ ತೂತು ಹೊಡೆದವಳೂ ಅವಳೇ. ಆದರೆ ಒಳಗಿದ್ದ ಗಿಡ?

“ನಿಂದೇ ಕಣೇ,” ಎಂದಳು ಪಿಳ್ಳಮ್ಮ. ಅವಳು ತನ್ನ ಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. “ನೀವೆಲ್ಲ ಮದುವೆಗೆ ಹೋದಾಗಿಂದ ದಿನಾ ನೀರು ಹಾಕಿದ್ದೀನಿ.”

“ನಾನು ನೆಟ್ಟಿದ್ದು ಬೆಣ್ಣೆ ಅಂಚಿನ ಎಲೆ. ಇದು ನೋಡು, ಬರೀ ಹಸಿರು.”

“ಹಂಗೇ ಬಂತು.”

“ಹಂಗೆ ಹೆಂಗೆ ಬರ್ತದೆ? ನಾನು ನೆಟ್ಟಿದ್ದ ಎಲೆ ಎಲ್ಲಿ?”

“ಕೊಳೆತೋಯ್ತು. ಕಿತ್ತು ಬಿಸಾಕ್ದೆ.”

ಹೇಳುವಾಗ ಪಿಳ್ಳಮ್ಮ ಸೊಣ್ಣಮ್ಮನ ಮುಖ ನೋಡಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಹೊಸಿಲು ಕೆರೆಯುತ್ತಿದ್ದಳು. ಸೊಣ್ಣಮ್ಮ ಅದನ್ನು ಗಮನಿಸಿದಳು. ಇನ್ನೊಂದನ್ನೂ ಗಮನಿಸಿದಳು. ಅವಳು ಡಬ್ಬಿಗೆ ತುಂಬಿದ್ದು ಕೆರೆಯ ಕಪ್ಪು ಮಣ್ಣು. ಈಗ ಮೇಲೆ ಕೆಂಪು ಮಣ್ಣಿತ್ತು.

“ಮಣ್ಣು ಬೇರೆ ಐತಲ್ಲ?”

“ಕೋಳಿ ಕೆದರಿಬಿಡ್ತು. ಅದಕ್ಕೇ ಒಂದಿಷ್ಟು ಹಾಕ್ದೆ.”

ಕೊಳೆತ ಎಲೆ. ಕೆದರಿದ ಕೋಳಿ. ಎಲ್ಲಕ್ಕೂ ಉತ್ತರ ರೆಡಿ ಇದೆ ಎಂದುಕೊಂಡಳು ಸೊಣ್ಣಮ್ಮ. ತನ್ನ ಡಬ್ಬಿಗಳನ್ನೆಲ್ಲ ಮೊರದಲ್ಲಿ ಜೋಡಿಸಿಕೊಂಡಳು. ಹೊರಡುವಾಗ ಪಿಳ್ಳಮ್ಮನ ಜಗಲಿಯ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ಬೆಣ್ಣೆ ಅಂಚಿನ ತಾಯಿಗಿಡ ಹಾಯಾಗಿ ಕೂತಿತ್ತು. ಪಕ್ಕದ ಕುಂಡದಲ್ಲಿ ದಪ್ಪೆಲೆ ಗಿಡ, ಬರೀ ಹಸಿರಿನದು. ಅದರ ಬುಡದಲ್ಲಿ ಒಂದು ಸಣ್ಣ ಗುಳಿ. ಯಾರೋ ಒಂದು ಮರಿಗಿಡ ಕಿತ್ತ ಹಾಗೆ.

ಸೊಣ್ಣಮ್ಮ ಆ ಗುಳಿಯನ್ನು ಬಗ್ಗಿ ನೋಡಿದಳು. ಮೊರ ಎತ್ತಿಕೊಂಡು ಮನೆಗೆ ಬಂದಳು.

ಇಬ್ಬರಿಗೂ ಈ ಗಿಡಗಳ ಹುಚ್ಚು ಹಿಡಿದದ್ದು ಹೋದ ವರ್ಷ. ಪಿಳ್ಳಮ್ಮನ ಅಪ್ಪ ಅಪ್ಪಯ್ಯಣ್ಣ ಚಕ್ಕೋತ ಹಣ್ಣು ಮಾರಲು ರೈಲಿನಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗುತ್ತಿದ್ದ. ಅಲ್ಲಿಯ ಬಂಗಲೆಯೊಂದರ ದೊರೆಸಾನಿ ಒಂದು ದಿನ ಅವನಿಗೆ ಗಿಡದ ಕಡ್ಡಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ‘ಪೆಪರೋಮಿಯಾ’ ಎಂದು ಹೆಸರನ್ನೂ ಹೇಳಿದಳು. ರೈಲು ತಮ್ಮೂರು ದೇವನಹಳ್ಳಿ ಮುಟ್ಟುವಷ್ಟರಲ್ಲಿ ಅಪ್ಪಯ್ಯಣ್ಣನ ಬಾಯಲ್ಲಿ ಅದು ‘ಪೆಪ್ಪರ್‌ಮೆಂಟು’ ಆಗಿತ್ತು.

ಮೊದಲು ಬಂದದ್ದು ಹಸಿರು ದಪ್ಪೆಲೆ. ಗೇಣುದ್ದವೂ ಇಲ್ಲದ ಗಿಡ. ಎಲೆ ಮುಟ್ಟಿದರೆ ತಣ್ಣಗೆ. ಹೂವಂತೂ ನೋಡಲು ನಗು ಬರುತ್ತಿತ್ತು. ಬಣ್ಣವಿಲ್ಲ, ಪರಿಮಳವಿಲ್ಲ, ನೆಟ್ಟಗೆ ನಿಂತ ಇಲಿಬಾಲ!

“ಬಾಲ ಬಂದ್ರೆ ಪೆಪ್ಪರ್‌ಮೆಂಟು. ಇಲ್ದಿದ್ರೆ ಅಲ್ಲ,” ಎಂದು ಪಿಳ್ಳಮ್ಮ ಕಾನೂನು ಮಾಡಿದಳು.

ಆಮೇಲೆ ಇಬ್ಬರೂ ಊರೆಲ್ಲ ಬಾಲ ಹುಡುಕಿದರು. ಬಾವಿಯ ಒದ್ದೆ ಮೆಟ್ಟಿಲಿನ ಸಂದಿಯಲ್ಲಿ ಗಾಜಿನಂಥ ಕಡ್ಡಿಯ ಗಿಡ ಸಿಕ್ಕಿತು. ಅದಕ್ಕೆ ಬಾಲವಿತ್ತು. ನಂದಿ ಬೆಟ್ಟಕ್ಕೆ ಹೋದಾಗ ಪಾಚಿ ಬೆಳೆದ ಬಂಡೆಯ ಮೇಲೆ, ಒಂದೊಂದು ಗೆಣ್ಣಿಗೂ ನಾಲ್ಕು ಪುಟ್ಟ ಎಲೆ ಇರುವ ಗಿಡ ಸಿಕ್ಕಿತು. ಅದಕ್ಕೂ ಬಾಲ. ಸೊಣ್ಣಮ್ಮನ ಮಾವ ಬೆಂಗಳೂರಿನಿಂದ ಕಲ್ಲಂಗಡಿ ಸಿಪ್ಪೆಯಂಥ ಪಟ್ಟೆ ಎಲೆಯ ಗಿಡ ತಂದುಕೊಟ್ಟ. ಅದನ್ನು ಅವಳು ಯಾರಿಗೂ ಮುಟ್ಟಲು ಬಿಡಲಿಲ್ಲ.

ಡಬ್ಬಿಗಳಿಗೆ ಬರವಿರಲಿಲ್ಲ. ಅದು ಯುದ್ಧದ ಕಾಲ. ಬೆಟ್ಟಕ್ಕೆ ಹೋಗುವ ಸೋಲ್ಜರುಗಳು ಲಾರಿಯಿಂದ ಖಾಲಿ ಸಿಗರೇಟು ಡಬ್ಬಿ ಎಸೆಯುತ್ತಿದ್ದರು.

ಎಲ್ಲಕ್ಕಿಂತ ಸೋಜಿಗದ ವಿಷಯ ಇನ್ನೊಂದು. ತೊಟ್ಟಿನ ಸಮೇತ ಒಂದು ಎಲೆ ಕಿತ್ತು ಒದ್ದೆ ಮಣ್ಣಿಗೆ ಸಿಕ್ಕಿಸಿದರೆ ಸಾಕು, ನಿಧಾನವಾಗಿ ಅದರ ಬುಡದಲ್ಲಿ ಮರಿಗಿಡ ಏಳುತ್ತಿತ್ತು. ಕಲ್ಲಂಗಡಿ ಎಲೆಯನ್ನು ಹಾಗೆ ನೆಟ್ಟಾಗ ಬಂದ ಮರಿಯಲ್ಲಿ ತಾಯಿಯ ಪಟ್ಟೆಗಳೆಲ್ಲ ಇದ್ದವು.

ಈ ವರ್ಷ ಬೇಸಿಗೆಗೆ ಮೊದಲು ಅಪ್ಪಯ್ಯಣ್ಣ ಬೆಣ್ಣೆ ಅಂಚಿನ ಕಡ್ಡಿ ತಂದ. ದಪ್ಪೆಲೆಯದೇ ರೂಪ. ಆದರೆ ಎಲೆಯ ಸುತ್ತ ಬೆಣ್ಣೆ ಸವರಿದ ಹಾಗೆ ಹಳದಿ ಅಂಚು. ಅದನ್ನು ಕಂಡ ದಿನ ಸೊಣ್ಣಮ್ಮನಿಗೆ ಊಟ ಸೇರಲಿಲ್ಲ.

“ಎಲೆಗೆ ಎಲೆ,” ಎಂದಳು ಪಿಳ್ಳಮ್ಮ. “ನಿನ್ನ ಕಲ್ಲಂಗಡಿ ಒಂದೆಲೆ ಕೊಡು. ನನ್ನ ಬೆಣ್ಣೆ ಅಂಚು ಒಂದೆಲೆ ಕೊಡ್ತೀನಿ.”

ಸೊಣ್ಣಮ್ಮ ಕೊಟ್ಟಳು, ತೆಗೆದುಕೊಂಡಳು, ನೆಟ್ಟಳು. ಬೇಸಿಗೆ ರಜದಲ್ಲಿ ಮಾವನ ಮದುವೆಗೆಂದು ಮನೆಯವರೆಲ್ಲ ಚನ್ನರಾಯಪಟ್ಟಣಕ್ಕೆ ಹೊರಟಾಗ ಡಬ್ಬಿಗಳನ್ನು ಪಿಳ್ಳಮ್ಮನ ಮನೆಯಲ್ಲಿ ಬಿಟ್ಟಳು.

ಈಗ ಪಿಳ್ಳಮ್ಮನ ಹತ್ತಿರ ಕಲ್ಲಂಗಡಿಯೂ ಇದೆ, ಬೆಣ್ಣೆ ಅಂಚೂ ಇದೆ. ತನ್ನ ಹತ್ತಿರ?

“ಅಜ್ಜೀ, ಪಿಳ್ಳಿ ನನ್ನ ಗಿಡ ಬದಲಾಯಿಸಿಬಿಟ್ಟವ್ಳೆ,” ಎಂದು ಸೊಣ್ಣಮ್ಮ ಡಬ್ಬಿ ತೋರಿಸಿದಳು.

ಅಜ್ಜಿ ದ್ಯಾವಮ್ಮ ಅವರೆಕಾಳು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಅವ್ಳು ಕಣ್ಣಾರೆ ನೋಡ್ಕೊಂಡು ಕೊಟ್ಟಳಾ?”

“ಹೂಂ. ಅವಳೇ ಕಿತ್ತು ಕೊಟ್ಟಳು.”

“ಅಲ್ಲೇ ಕೆಡ್ತು. ಕೊಟ್ಟ ಗಿಡ ಕೈಗೆ ಹತ್ತಲ್ಲ ಕಣೇ ಮಗ. ಕದ್ದ ಗಿಡ ಹತ್ತೋದು. ನಮ್ಮ ಕಾಲದಲ್ಲಿ ಮಲ್ಲಿಗೆ ಕೊಡೋರು ಆ ಕಡೆ ಮುಖ ಮಾಡಿ ನಿಂತ್ಕೊಳ್ಳೋರು. ನಾವು ಈ ಕಡೆಯಿಂದ ಮುರ್ಕೊಳ್ಳೋದು. ಆಗ ನೋಡಬೇಕಿತ್ತು ಅದು ಚಿಗುರೋ ಚೆಂದಾನ!”

ಸೊಣ್ಣಮ್ಮನಿಗೆ ಅಜ್ಜಿಯ ಮಾತು ಪೂರ್ತಿ ನಂಬಿಕೆಯಾಗಲಿಲ್ಲ. ಆದರೆ ‘ಕದ್ದ ಗಿಡ’ ಎಂಬ ಮಾತು ಮನಸ್ಸಿನಲ್ಲಿ ಉಳಿಯಿತು.

ಸ್ಕೂಲು ಶುರುವಾದ ದಿನ ಚಾಪೆಯ ಮೇಲೆ ಅವಳು ಪಿಳ್ಳಮ್ಮನ ಪಕ್ಕ ಕೂರಲಿಲ್ಲ. ಮುನಿತಾಯಿಯ ಪಕ್ಕ ಕೂತಳು. ಮುನಿತಾಯಿಯ ಕಿವಿಗೆ ಬಿದ್ದದ್ದು ಊರಿಗೇ ಬಿದ್ದಂತೆ.

“ಯಾಕೇ? ಟೂ ಬಿಟ್ರಾ?” ಎಂದು ಮುನಿತಾಯಿ ಪಿಸುಗುಟ್ಟಿದಳು.

“ಯಾರ್ಗೂ ಹೇಳ್ಬೇಡ. ಪಿಳ್ಳಿ ನನ್ನ ಗಿಡ ಕಿತ್ಕೊಂಡು ಬೇರೇದು ಇಟ್ಟವ್ಳೆ.”

“ನೀನು ಕಂಡ್ಯಾ?”

ಸೊಣ್ಣಮ್ಮ ಚಾಪೆಯ ಎಳೆ ಕೀಳತೊಡಗಿದಳು.

“ಕಾಣೋದೇನು, ಗೊತ್ತಾಗ್ತದೆ,” ಎಂದಳು.

ಮಧ್ಯಾಹ್ನದ ಬೆಲ್ಲು ಹೊಡೆಯುವ ಹೊತ್ತಿಗೆ ಪಿಳ್ಳಮ್ಮನಿಗೆ ಹೊಸ ಹೆಸರು ಬಂದಿತ್ತು. “ಏಯ್ ಬದ್ಲಿ ಪಿಳ್ಳೀ, ನನ್ನ ಬಳಪ ಬದ್ಲಾಯಿಸ್ಬೇಡ ಕಣೇ!” “ಬದ್ಲಿ ಪಿಳ್ಳಿ ಬಂದ್ಳು, ಬುತ್ತಿ ಮುಚ್ಕೊಳ್ರೇ!”

ಪಿಳ್ಳಮ್ಮ ಮೊದಮೊದಲು ಜಗಳಕ್ಕೆ ಹೋದಳು. ಆಮೇಲೆ ಬಿಟ್ಟಳು.

ಸೊಣ್ಣಮ್ಮನಿಗೆ ಸಮಾಧಾನವಾಗಲಿಲ್ಲ. ತನ್ನ ಬೆಣ್ಣೆ ಅಂಚು ತನಗೆ ಬೇಕಿತ್ತು. ಒಂದು ಭಾನುವಾರ ಪಿಳ್ಳಮ್ಮ ಬಿಂದಿಗೆ ಹಿಡಿದು ಬಾವಿಯ ಕಡೆ ಹೋಗುವುದನ್ನು ಮರೆಯಲ್ಲಿ ನಿಂತು ನೋಡಿದಳು. ಜಗಲಿಯ ಮೇಲೆ ಯಾರೂ ಇರಲಿಲ್ಲ. ಒಂದು ಕೋಳಿ ಮಾತ್ರ ದಪ್ಪೆಲೆಯ ಕುಂಡ ಹತ್ತಿ ಕೂತು ಪರಪರ ಮಣ್ಣು ಕೆದರುತ್ತಿತ್ತು. ಸೊಣ್ಣಮ್ಮನಿಗೆ ಆಗ ಕೋಳಿಯ ಕಡೆ ಗಮನವಿರಲಿಲ್ಲ. ಬೆಣ್ಣೆ ಅಂಚಿನ ಗಿಡದಿಂದ ಒಂದು ಎಲೆಯನ್ನು ತೊಟ್ಟಿನ ಸಮೇತ ಚಿವುಟಿ, ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಓಡಿದಳು.

ಈ ಸಲ ಅವಳು ಯಾರನ್ನೂ ನಂಬಲಿಲ್ಲ. ಅವಳ ಮನೆಯ ಹಿತ್ತಲಿಗೆ ಕೋಟೆಗೋಡೆಯೇ ಬೇಲಿ. ಗೋಡೆಯಲ್ಲಿ ಹಿಂದೆ ಬಂದೂಕು ತೂರಿಸುತ್ತಿದ್ದ ಕಿಂಡಿಗಳಿದ್ದವು. ಅಂಥ ಒಂದು ಕಿಂಡಿಯೊಳಗೆ ಡಬ್ಬಿ ಇಟ್ಟಳು. ಆ ಕಡೆಯಿಂದ ತುಸು ಬೆಳಕು ಬರುತ್ತಿತ್ತು. ಈ ಕಡೆ ಬಾಯಿಗೆ ಕಲ್ಲು ಮುಚ್ಚಿದಳು. ಯಾರಾದರೂ ಕಲ್ಲು ಸರಿಸಿದರೆ ಗೊತ್ತಾಗಲಿ ಎಂದು ತನ್ನ ತಲೆಯ ಒಂದು ಕೂದಲನ್ನು ಕಲ್ಲಿನ ಮೇಲೆ ಅಡ್ಡಹಾಕಿ ಎರಡು ತುದಿಗೂ ಚೂರು ಹಸಿಮಣ್ಣು ಮೆತ್ತಿದಳು.

ಮಾರನೆಯ ದಿನ ಪಿಳ್ಳಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. “ನಮ್ಮ ಬೆಣ್ಣೆ ಅಂಚಿಂದು ಒಂದೆಲೆ ಯಾರೋ ಕಿತ್ಕೊಂಡೋಗವ್ರೆ.”

“ಕಳ್ಳರ ಮನೇಲೇ ಕಳ್ಳತನವಾ!” ಎಂದಳು ಮುನಿತಾಯಿ. ಕ್ಲಾಸೆಲ್ಲ ನಕ್ಕಿತು. ಸೊಣ್ಣಮ್ಮನೂ ನಕ್ಕಳು. ನಗು ಬೇಗ ನಿಂತುಹೋಯಿತು.

ಮಳೆ ಬಂತು. ರಾಗಿ ಬಿತ್ತಿದರು. ಸೊಣ್ಣಮ್ಮ ಆಗಾಗ ಕಿಂಡಿಗೆ ಹೋಗಿ ಮೊದಲು ಕೂದಲು ನೋಡುತ್ತಿದ್ದಳು. ಕೂದಲು ಇಟ್ಟಲ್ಲೇ ಇರುತ್ತಿತ್ತು. ಚೂರು ನೀರು ಚಿಮುಕಿಸಿ, ಕಲ್ಲು ಮುಚ್ಚಿ, ಹೊಸ ಕೂದಲು ಮೆತ್ತಿ ಬರುತ್ತಿದ್ದಳು. ಎಲೆ ಹಳದಿ ಅಂಚಿನ ಸಮೇತ ಗಟ್ಟಿಯಾಗಿ ನಿಂತಿತ್ತು.

ಗಣೇಶನ ಹಬ್ಬ ಕಳೆದ ಮೇಲೆ ತಕಲಿ ಕ್ಲಾಸಿನಲ್ಲಿ ಒಂದು ಗಲಾಟೆಯಾಯಿತು.

ನೂಲು ತೆಗೆಯುವುದಕ್ಕೆ ಹತ್ತಿಯ ಹಂಜಿಗಳನ್ನು ಒಂದು ಬುಟ್ಟಿಯಲ್ಲಿ ಇಟ್ಟಿರುತ್ತಿದ್ದರು. ಅದನ್ನು ಹಂಚುವ ಕೆಲಸ ಪಿಳ್ಳಮ್ಮನದು. ಹೋದ ವರ್ಷದಿಂದಲೂ ಅವಳದೇ. ಅವಳಿಗೆ ಅದರಲ್ಲಿ ಬಹಳ ಜಂಬ. ಒಂದೊಂದು ಹಂಜಿಯನ್ನೂ ಮೊಲದ ಮರಿಯ ಹಾಗೆ ಎತ್ತಿ ಕೊಡುತ್ತಿದ್ದಳು. ಆ ದಿನ ಕೊನೆಯ ಸಾಲಿಗೆ ಹಂಜಿ ಸಾಲಲಿಲ್ಲ.

“ಯಾಕೆ ಕಡಿಮೆಯಾಯ್ತು?” ಎಂದರು ಭಾಗ್ಯಮ್ಮ ಟೀಚರ್.

“ಗೊತ್ತಿಲ್ಲ ಟೀಚರ್. ಇಷ್ಟೇ ಇತ್ತು.”

“ಬದ್ಲಿ ಪಿಳ್ಳಿ ಲಂಗದ ಗಂಟು ಬಿಚ್ಚಿಸಿ ಟೀಚರ್!” ಎಂದು ಹಿಂದಿನಿಂದ ಯಾರೋ ಕೂಗಿದರು.

ಟೀಚರ್ ಗಂಟು ಬಿಚ್ಚಿಸಲಿಲ್ಲ. ಆದರೆ ಸ್ವಲ್ಪ ಹೊತ್ತು ಪಿಳ್ಳಮ್ಮನನ್ನೇ ನೋಡಿದರು. “ಸದ್ಯಕ್ಕೆ ಬುಟ್ಟಿ ಇಲ್ಲಿ ಕೊಡು,” ಎಂದರು.

ಪಿಳ್ಳಮ್ಮ ಕೊಟ್ಟಳು. ತಿರುಗಿ ಬರುವಾಗ ಅವಳ ಕಣ್ಣು ಸೊಣ್ಣಮ್ಮನ ಕಡೆ ಬಂತು. ಸೊಣ್ಣಮ್ಮ ತಲೆ ತಗ್ಗಿಸಿ ತಕಲಿ ತಿರುಗಿಸಿದಳು. ಅದರಲ್ಲಿ ಎಳೆಯೇ ಇರಲಿಲ್ಲ.

ಕಳ್ಳಿಗೆ ಸರಿಯಾಯಿತು ಎಂದು ಹೇಳಿಕೊಳ್ಳಲು ನೋಡಿದಳು. ಆಗಲಿಲ್ಲ. ಮನೆಗೆ ಬಂದವಳೇ ಪುಸ್ತಕದ ಚೀಲ ಎಸೆದು ಕೋಟೆಗೋಡೆಗೆ ಓಡಿದಳು. ಕೂದಲು ಹಾಗೇ ಇತ್ತು. ಕಲ್ಲು ಸರಿಸಿ ಡಬ್ಬಿ ಹೊರಗೆ ತೆಗೆದಳು.

ಮರಿ ಬಂದಿತ್ತು!

ಬೆಣ್ಣೆ ಅಂಚಿನ ಎಲೆ ನೆಟ್ಟಗೆ ನಿಂತಿತ್ತು. ಅದರ ಬುಡದಿಂದಲೇ ಅವರೆಕಾಳಿನಷ್ಟು ದೊಡ್ಡ ಎರಡು ಎಲೆ ಎದ್ದಿದ್ದವು. ಸೊಣ್ಣಮ್ಮ ಡಬ್ಬಿಯನ್ನು ಮೂಗಿನ ಹತ್ತಿರ ತಂದು ನೋಡಿದಳು. ಬೆರಳಿನಿಂದ ಒರೆಸಿ ನೋಡಿದಳು. ಬಿಸಿಲಿಗೆ ಹಿಡಿದು ನೋಡಿದಳು.

ಹಸಿರು. ಬರೀ ಹಸಿರು. ಅಂಚೇ ಇಲ್ಲ.

ಯಾರೋ ಬದಲಾಯಿಸಿದ್ದಾರೆ ಎಂದು ಮನಸ್ಸು ಮೊದಲು ಅಂದಿತು. ಆದರೆ ಕೂದಲು ಕದಲಿರಲಿಲ್ಲ. ಮಣ್ಣು ಅವಳೇ ತುಂಬಿದ ಕಪ್ಪು ಮಣ್ಣು. ಮರಿಯ ಬುಡದ ಮಣ್ಣನ್ನು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ ನೋಡಿದಳು. ಮರಿ ಆ ಎಲೆಯ ತೊಟ್ಟಿಗೇ ಅಂಟಿಕೊಂಡಿತ್ತು.

ಅಜ್ಜಿಯ ಮಾತೂ ಸುಳ್ಳಾಯಿತು. ಇದು ಕೊಟ್ಟ ಎಲೆಯಲ್ಲ, ಕದ್ದದ್ದೇ.

ಸೊಣ್ಣಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಪಿಳ್ಳಮ್ಮ ಏನನ್ನೂ ಬದಲಾಯಿಸಿರಲಿಲ್ಲ. ಎಲೆ ಕೊಳೆತದ್ದು ನಿಜ. ಕೋಳಿ ಕೆದರಿದ್ದೂ ನಿಜ. ಕುಂಡದ ಮೇಲೆ ಪರಪರ ಮಣ್ಣು ಹಾರಿಸುತ್ತಿದ್ದ ಆ ಕೋಳಿ ಈಗ ಅವಳ ಕಣ್ಣಿಗೆ ಚೆನ್ನಾಗಿ ಕಂಡಿತು.

ಗೋಡೆಯ ಆಚೆ ಕಂದಕ. ಕಿಂಡಿಯಿಂದ ಕೈ ಚಾಚಿ ಡಬ್ಬಿ ಎಸೆದರೆ ಗಿಡಗಂಟಿಯಲ್ಲಿ ಬಿದ್ದುಹೋಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಎಲೆ ಕದ್ದದ್ದೂ ಗೊತ್ತಾಗುವುದಿಲ್ಲ. ಆದರೆ ಪಿಳ್ಳಮ್ಮ ಕದ್ದಿಲ್ಲ ಎನ್ನುವುದೂ ಯಾರಿಗೂ ಗೊತ್ತಾಗುವುದಿಲ್ಲ. ತೋರಿಸಲು ಈ ಡಬ್ಬಿ ಒಂದೇ ಇರುವುದು. ತೋರಿಸಿದರೆ ಎಲ್ಲರೂ ಮೊದಲು ಕೇಳುವುದು, ಈ ಎಲೆ ನಿನಗೆ ಎಲ್ಲಿಂದ ಬಂತು ಎಂದೇ.

ಕತ್ತಲಾಗುವವರೆಗೆ ಅವಳು ಅಲ್ಲೇ ಕೂತಿದ್ದಳು. ಅವ್ವ ಕೂಗಿದ ಮೇಲೆ ಎದ್ದಳು. ಡಬ್ಬಿಯನ್ನು ಕಿಂಡಿಗೆ ಇಡಲಿಲ್ಲ, ಮನೆಯೊಳಗೆ ತಂದಳು.

ಬೆಳಗ್ಗೆ ಅದನ್ನು ಹಿಡಿದು ಹೊರಟಾಗ ಅಜ್ಜಿ ಕೇಳಿದರು. “ಎಲ್ಲಿಗೇ ಅದು?”

“ಸ್ಕೂಲಿಗೆ.”

“ಸೆರಗಿನಾಗೆ ಮುಚ್ಕೊಂಡೋಗೇ, ದೃಷ್ಟಿ ಆಗ್ತದೆ.”

“ಲಂಗಕ್ಕೆ ಸೆರಗೆಲ್ಲಿ ಅಜ್ಜಿ?” ಎಂದು ಸೊಣ್ಣಮ್ಮ ನಡೆದಳು. ಬೀದಿಯಲ್ಲಿ ಎದುರಾದವರೆಲ್ಲ ಡಬ್ಬಿಯನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಯಾರೂ ನೋಡುತ್ತಿರಲಿಲ್ಲ.

ಹಾಜರಿ ಮುಗಿದ ಕೂಡಲೇ ಅವಳು ಎದ್ದು ಟೀಚರ ಮೇಜಿನ ಮೇಲೆ ಡಬ್ಬಿ ಇಟ್ಟಳು.

“ಏನೇ ಇದು ಸೊಣ್ಣಮ್ಮ?”

“ಬೆಣ್ಣೆ ಅಂಚು ಟೀಚರ್. ಎಲೆ ನೆಟ್ರೆ ಇದು ಹಸಿರಾಗೇ ಬರ್ತದೆ. ನೋಡಿ, ಮರಿ ತೊಟ್ಟಿಗೇ ಅಂಟ್ಕೊಂಡೈತೆ. ಯಾರೂ ಬದಲಾಯಿಸಿಲ್ಲ. ಪಿಳ್ಳಿನೂ ಬದಲಾಯಿಸಿರ್ಲಿಲ್ಲ. ಅವಳು ಬದಲಾಯಿಸ್ದಳು ಅಂತ ಹೇಳಿದ್ದು ನಾನು.”

ಮುನಿತಾಯಿ ಎಲ್ಲರನ್ನೂ ತಳ್ಳಿಕೊಂಡು ಮೇಜಿನ ಹತ್ತಿರ ಬಂದಳು.

“ಎಲೆ ಎಲ್ಲಿಂದ ಬಂತು ನಿಂಗೆ?”

“ಪಿಳ್ಳಿ ಜಗಲಿಯಿಂದ. ಕೇಳ್ದೆ ಕಿತ್ಕೊಂಡೆ.”

“ಅಯ್ಯೋ! ಹಂಗಾದ್ರೆ ಕಳ್ಳಿ ನೀನೇ!”

“ಹೂಂ,” ಎಂದಳು ಸೊಣ್ಣಮ್ಮ.

ಟೀಚರ್ ಡಬ್ಬಿಯನ್ನು ಎತ್ತಿ ಬಹಳ ಹೊತ್ತು ನೋಡಿದರು. “ಹೌದಲ್ಲ! ತಾಯಿಯ ಹಾಗಿಲ್ಲವಲ್ಲ ಮರಿ,” ಎಂದರು. “ಕಡ್ಡಿ ನೆಟ್ಟರೆ ಮಾತ್ರ ಅಂಚು ಬರುತ್ತೋ ಏನೋ. ನನಗೂ ಗೊತ್ತಿರಲಿಲ್ಲ.” ಆಮೇಲೆ ಕ್ಲಾಸಿನ ಕಡೆ ತಿರುಗಿದರು. “ನಿನ್ನೆ ಪಿಳ್ಳಮ್ಮ ಹಂಜಿ ತೆಗೆದುಕೊಂಡದ್ದನ್ನು ಕಂಡವರು ಯಾರು? ಕೈ ಎತ್ತಿ.”

ಯಾರೂ ಎತ್ತಲಿಲ್ಲ.

“ನಾನೂ ಕಂಡಿರಲಿಲ್ಲ,” ಎಂದರು ಟೀಚರ್ ಮೆಲ್ಲಗೆ. ಬೀರುವಿನ ಪಕ್ಕದಿಂದ ಬುಟ್ಟಿ ತಂದು ಪಿಳ್ಳಮ್ಮನ ಮುಂದೆ ಇಟ್ಟರು. “ತಗೋ.”

ಪಿಳ್ಳಮ್ಮ ಬುಟ್ಟಿ ಮುಟ್ಟಲಿಲ್ಲ.

“ನಂಗೆ ಬೇಡ ಟೀಚರ್. ಮತ್ತೆ ಕಡಿಮೆ ಬಂದ್ರೆ?”

ಸೊಣ್ಣಮ್ಮನಿಗೆ ಅಳು ಬಂತು. ಮುನಿತಾಯಿ ತನ್ನನ್ನು ಕಳ್ಳಿ ಎಂದಾಗ ಬಂದಿರಲಿಲ್ಲ. ಈಗ ಬಂತು.

ಆ ದಿನ ಸಾಯಂಕಾಲ ಪಿಳ್ಳಮ್ಮ ಒಬ್ಬಳೇ ಮುಂದೆ ಹೋಗುತ್ತಿದ್ದಳು. ಸೊಣ್ಣಮ್ಮ ಡಬ್ಬಿ ಹಿಡಿದು ಹಿಂದೆ ಬರುತ್ತಿದ್ದಳು. ಕೋಟೆ ಬಾಗಿಲ ಹತ್ತಿರ ಪಿಳ್ಳಮ್ಮ ನಿಂತಳು. ತಿರುಗಿ ಬಂದು ಡಬ್ಬಿಯೊಳಗೆ ಬಗ್ಗಿ ನೋಡಿದಳು.

“ಹಂಗಾದ್ರೆ ನಾನು ನೀರು ಜಾಸ್ತಿ ಹಾಕಿದ್ದಕ್ಕಲ್ವಾ?”

“ಏನು?”

“ನಿನ್ನ ಗಿಡ ಹಸಿರಾಗಿದ್ದು. ನೀನು ಊರಲ್ಲಿ ಇಲ್ದಾಗ ದಿನಾ ಎದ್ದು ನೋಡ್ತಿದ್ದೆ. ಹಸಿರೇ ಬರ್ತಿತ್ತು. ನಂದೇ ಏನೋ ತಪ್ಪಾಯ್ತು ಅನ್ಕೊಂಡೆ. ನೆರಳಿಗಿಟ್ಟೆ, ಬಿಸಿಲಿಗಿಟ್ಟೆ, ಬೂದಿ ಹಾಕ್ದೆ. ನೀನು ಬಂದ್ರೆ ಏನು ಹೇಳ್ಲಿ ಅಂತ ಹೆದ್ರಿಕೆ ಆಗ್ತಿತ್ತು.”

ಸೊಣ್ಣಮ್ಮ ಅವಳ ಮುಖವನ್ನೇ ನೋಡಿದಳು. ಕೂದಲು, ಮಣ್ಣು, ಕುಂಡದ ಗುಳಿ ಎಲ್ಲವನ್ನೂ ಅಷ್ಟು ಹುಷಾರಾಗಿ ನೋಡಿದ್ದವಳು ಇದೊಂದನ್ನು ನೋಡಿರಲಿಲ್ಲ.

“ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಳೇ ಇಲ್ವಲ್ಲ.”

ಎತ್ತಿನಗಾಡಿಯೊಂದು ಬಂತು. ಇಬ್ಬರೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.

“ಪಿಳ್ಳೀ, ನಿಂಗೆ ನನ್ನ ಬಯ್ಬೇಕು ಅನ್ಸ್ತದಾ?”

“ಅನ್ಸ್ತದೆ.”

“ಹಂಗಾದ್ರೆ ಬಯ್ಯೇ.”

ಪಿಳ್ಳಮ್ಮ ಯೋಚಿಸಿದಳು. ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

“ಇಲ್ಲೇ ಮುಗಿಯಲ್ಲ,” ಎಂದಳು. “ನಮ್ಮನೆ ತನಕ ಬಾ. ಬಾಳ ಐತೆ.”

ಸೊಣ್ಣಮ್ಮ ತನ್ನ ಮನೆಯ ತಿರುವು ಬಂದಾಗ ತಿರುಗಲಿಲ್ಲ. ಕಿವಿ ತೆರೆದುಕೊಂಡು ಅವಳ ಜೊತೆಗೇ ನಡೆದಳು.